ದಿಬ್ಬಣದ ಜೀಪು

ನಾನು ಚಿಕ್ಕವಳಿದ್ದಾಗ ಎಂದು ಬಾಯಿ ತೆರೆದರೆ ಸಾಕು, ನೀವಿಬ್ಬರೂ ಕಿಸಕ್ಕನೆ ನಗುತ್ತೀರಿ. ಅಜ್ಜಿ ಎಂದರೆ ತಲೆಯೆಲ್ಲ ಬೆಳ್ಳಗಾಗಿ ಕೋಲು ಹಿಡಿದಿರಬೇಕೆಂದು ನಿಮ್ಮ ಲೆಕ್ಕ. ನನಗೂ ಬೇಗ ಮದುವೆಯಾಯಿತು, ನಿಮ್ಮ ಅಮ್ಮನಿಗೂ ಬೇಗ ಆಯಿತು, ಅದಕ್ಕೆ ನಾನೇನು ಮಾಡಲಿ? ನಗುವುದು ಮುಗಿದಿದ್ದರೆ ಕೇಳಿ.

ಆಗ ನಮ್ಮ ಮನೆ ಇದ್ದದ್ದು ಬಂಟ್ವಾಳದ ಹತ್ತಿರ, ನೇತ್ರಾವತಿ ಹೊಳೆಯ ನಡುವಿನ ಕುದ್ರುವಿನಲ್ಲಿ. ಸುತ್ತ ನೀರು, ನಡುವೆ ತುಂಡು ನೆಲ, ಅದರ ಮೇಲೆ ನಾಲ್ಕಾರು ಮನೆ. ಉಪ್ಪು ತರಬೇಕಾದರೂ ದೋಣಿ, ಶಾಲೆಗೆ ಹೋಗಬೇಕಾದರೂ ದೋಣಿ. ಮಳೆಗಾಲ ಮುಗಿದು ಹೊಳೆ ತಿಳಿಯಾದ ಮೇಲೆ ಅಪ್ಪ ಆ ಮರಳು ಮಣ್ಣಿನಲ್ಲಿ ತರಕಾರಿ ಬೆಳೆಸುತ್ತಿದ್ದರು. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಮುಳ್ಳುಸೌತೆ ಕೊಯ್ಯುವುದು ಅಕ್ಕನದೂ ನನ್ನದೂ ಕೆಲಸ.

ಅಂಥದೇ ಒಂದು ಬೆಳಿಗ್ಗೆ ಎಲೆಗಳ ಅಡಿಗೆ ಕೈ ಹಾಕಿದೆ. ಮುಳ್ಳು ಚುಚ್ಚಿತೆಂದುಕೊಂಡೆ. ಆದರೆ ಅಕ್ಕನ ಕೈಯಿಂದ ಬುಟ್ಟಿ ಬಿತ್ತು. ಸರ್ಪವೊಂದು ಬಳ್ಳಿಯ ಆಚೆ ಸರಿದುಹೋಗುವುದನ್ನು ಅವಳು ನೋಡಿದ್ದಳು.

ಅಪ್ಪ ನನ್ನನ್ನು ಎತ್ತಿಕೊಂಡು ದೋಣಿಗೆ ಓಡಿದರು. ಅಮ್ಮ ತೊಟ್ಟಿಲ ಕೂಸನ್ನು ಎದೆಗೊತ್ತಿಕೊಂಡು ದಡದಲ್ಲೇ ನಿಂತಳು. ಅಕ್ಕ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಕಣ್ಣು ಮುಚ್ಚಬೇಡ, ಕಣ್ಣು ಮುಚ್ಚಬೇಡ" ಎಂದು ಹೇಳುತ್ತಲೇ ಇದ್ದಳು. ದೋಣಿಯ ತಳದ ನೀರು ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಹೊಳೆ ಅಷ್ಟು ಅಗಲ ಎಂದು ನನಗೆ ಗೊತ್ತಾದದ್ದು ಅವತ್ತೇ.

ಈಚೆ ದಡದಲ್ಲಿ ಬಸ್ಸಿನ ಸುಳಿವಿರಲಿಲ್ಲ. ಫೋನು ಮಾಡಬೇಕಾದರೆ ದೂರದ ಅಂಗಡಿಗೆ ಓಡಬೇಕು, ಮಾಡಿದರೂ ಬರಲು ಗಾಡಿ ಎಲ್ಲಿತ್ತು? ಅಷ್ಟರಲ್ಲಿ ತಿರುವಿನಲ್ಲಿ ಒಂದು ಜೀಪು ಕಾಣಿಸಿತು. ಅಮ್ಮನಿಗೆ ಸುದ್ದಿ ಮುಟ್ಟಿಸಲು ಅಕ್ಕನನ್ನು ದೋಣಿಯ ಹತ್ತಿರವೇ ಬಿಟ್ಟು, ಅಪ್ಪ ನನ್ನನ್ನು ಎತ್ತಿಕೊಂಡೇ ರಸ್ತೆಯ ನಡುವೆ ನಿಂತರು. ಅದು ಮದುವೆ ಹಾಲ್‌ಗೆ ಹೊರಟ ದಿಬ್ಬಣದ ಜೀಪು. ಮುಂದೆ ಹೂಮಾಲೆ, ಒಳಗೆ ಒತ್ತಿ ತುಂಬಿದ ಜನ, ನಡುವೆ ತಲೆತುಂಬ ಮಲ್ಲಿಗೆ ಮುಡಿದ ಮದುಮಗಳು.

ವಿಷಯ ಕೇಳಿದ್ದೇ ಗಂಡಸರು ಇಳಿಯತೊಡಗಿದರು. ಹಿರಿಯ ಹೆಂಗಸೊಬ್ಬರು ಮಾತ್ರ ತಡೆದರು. ಕೆಟ್ಟವರೇನಲ್ಲ, ಹೆದರಿದ್ದರು ಅಷ್ಟೆ. "ಸರ್ಪ ಕಚ್ಚಿದ ಮಗು ಮಾರಾಯ್ರೆ, ಇದು ಮದುಮಗಳು ಕೂತ ಗಾಡಿ. ಮುಹೂರ್ತ ಬೇರೆ ಹತ್ತಿರ ಬಂತು" ಎಂದರು.

"ನಾನಿಲ್ಲದೆ ಅಲ್ಲಿ ಯಾರ ಮುಹೂರ್ತ ಅತ್ತೆ?" ಎಂದಳು ಮದುಮಗಳು. "ನೀವೆಲ್ಲ ಹಿಂದೆ ಬರುವ ದಿಬ್ಬಣದ ಬಸ್ಸಿನಲ್ಲಿ ಬನ್ನಿ. ಮಗುವನ್ನು ಇಲ್ಲಿ ಮಲಗಿಸಿ, ತಲೆ ಹಿಡಿಯಲು ಒಬ್ಬರು ಬೇಕಲ್ಲ."

ಹಾಲ್ ದಾರಿಯಲ್ಲೇ ಉಂಟು, ನಿಮ್ಮನ್ನು ಇಳಿಸಿ ಹೋಗುವ ಎಂದ ಡ್ರೈವರ್.

"ಬೇಡ ಅಣ್ಣ. ಅಲ್ಲಿ ನಿಲ್ಲಿಸಿದರೆ ಆರತಿ, ಮಾತು ಅಂತ ಸಮಯ ಹೋಗ್ತದೆ. ಮೊದಲು ಆಸ್ಪತ್ರೆಗೆ ಹೋಗುವ."

ಅಪ್ಪ ನನ್ನ ಕೈ ಅಲುಗದಂತೆ ಹಿಡಿದು ಕೂತರು. ಕೆನ್ನೆಗೆ ರೇಷ್ಮೆ ಸೀರೆಯ ಜರಿ ಚುಚ್ಚುತ್ತಿತ್ತು. ಮಲ್ಲಿಗೆಯೂ ಡೀಸೆಲ್ಲೂ ಒಟ್ಟಿಗೆ ಮೂಗಿಗೆ ಬಡಿಯುತ್ತಿದ್ದವು. ರೆಪ್ಪೆಗಳು ನನ್ನ ಮಾತು ಕೇಳದೆ ತಾವಾಗಿಯೇ ಇಳಿಯುತ್ತಿದ್ದವು. ಅವಳು ಬಳೆಯ ಕೈಯಿಂದ ಕೆನ್ನೆ ತಟ್ಟುತ್ತ, "ನಿಮ್ಮ ಕುದ್ರುವಿನಲ್ಲಿ ಏನೆಲ್ಲ ಉಂಟು, ಹೇಳು" ಎಂದಳು. ಮುಳ್ಳುಸೌತೆ ಉಂಟು, ಬಸಳೆ ಉಂಟು, ನಾಯಿ ಉಂಟು ಎಂದು ತೊದಲಿದೆ. ಆಮೇಲೆ ಅವಳ ಸೀರೆಯ ಮೇಲೆಯೇ ವಾಂತಿ ಮಾಡಿಬಿಟ್ಟೆ. ಅವಳು ಸೆರಗಿನಿಂದಲೇ ನನ್ನ ಬಾಯಿ ಒರೆಸಿ, "ನಾಯಿಗೆ ಹೆಸರು ಉಂಟಾ?" ಎಂದು ಕೇಳಿದಳು.

ವಾಲಗದ ಸದ್ದು ಕೇಳಿಸಿತು. ಹತ್ತಿರ ಬಂತು, ದೊಡ್ಡದಾಯಿತು, ಮತ್ತೆ ಹಿಂದೆ ಉಳಿಯಿತು. ಹಾಲ್‌ನ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತವರು ಕಣ್ಣು ಬಾಯಿ ಬಿಟ್ಟು ನೋಡುತ್ತಿದ್ದರಂತೆ. ಅದನ್ನು ಆಮೇಲೆ ಹೇಳಿದವರು ಅಪ್ಪ.

ನನಗೆ ಸರಿಯಾಗಿ ಎಚ್ಚರವಾದದ್ದು ಮರುದಿನ. ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದು ಡಾಕ್ಟರು ಹೇಳಿದ್ದರು. ನನ್ನನ್ನು ಒಳಗೆ ಕರೆದೊಯ್ದ ಮೇಲೂ ಮದುಮಗಳು ಜಗಲಿಯಲ್ಲೇ ನಿಂತಿದ್ದಳಂತೆ. ಡ್ರೈವರ್ ಬಂದು ಕರೆದಾಗ, "ಸ್ವಲ್ಪ ನಿಲ್ಲಿ ಅಣ್ಣ, ಮಗು ಕಣ್ಣು ಬಿಡಲಿ" ಎಂದಳಂತೆ. ನಾನು ಕಣ್ಣು ಬಿಡಲಿಲ್ಲ. ಕೊನೆಗೆ ಅವಳು ಹೋಗಲೇಬೇಕಾಯಿತು.

ಮನೆಗೆ ಬಂದ ಮೇಲೆ ಅಪ್ಪ ಅವಳನ್ನು ಹುಡುಕಿದರು. ಆ ಗಡಿಬಿಡಿಯಲ್ಲಿ ಹೆಸರು, ಊರು ಯಾವುದನ್ನೂ ಕೇಳಿರಲಿಲ್ಲ. ಮದುವೆಗಳ ಕಾಲ ಅದು, ಹಾಲ್‌ನವರಿಗೂ ಸರಿಯಾಗಿ ನೆನಪಿಲ್ಲ. ಬೆಳ್ತಂಗಡಿ ಕಡೆಯವರು ಎಂದು ಒಬ್ಬರು, ಅಲ್ಲ ಶಿರ್ತಾಡಿಯವರು ಎಂದು ಇನ್ನೊಬ್ಬರು. ತಡವಾಗಿಯಾದರೂ ಮದುವೆ ನಡೆಯಿತು ಎಂಬುದಷ್ಟೇ ತಿಳಿಯಿತು. ಅಪ್ಪ ಎರಡೂ ಕಡೆ ಅಲೆದು ಸಪ್ಪೆ ಮುಖ ಹೊತ್ತು ಮರಳಿದರು.

ಈಗ ಕುದ್ರುವಿಗೆ ಸೇತುವೆಯಾಗಿದೆ. ಕರೆ ಮಾಡಿದರೆ ಆಂಬುಲೆನ್ಸ್ ಅಂಗಳಕ್ಕೇ ಬರುತ್ತದೆ. ನಿಮಗೆ ಜ್ವರ ಬಂದರೆ ದುಬೈಯಲ್ಲಿರುವ ಮಾವನಿಗೆ ಆಗಲೇ ಗೊತ್ತಾಗುತ್ತದೆ, ಇಳಿದರೆ ಅದೂ ಗೊತ್ತಾಗುತ್ತದೆ. ಎಲ್ಲ ಒಳ್ಳೆಯದೇ. ಹಳೆಯ ಕಾಲವೇ ಚೆಂದವಿತ್ತೆಂದು ಹಲುಬುವವಳು ನಾನಲ್ಲ. ಅವತ್ತು ನಿಮ್ಮ ಕೈಯಲ್ಲಿರುವಂಥ ಒಂದು ಫೋನು ಅವಳ ಕೈಯಲ್ಲಿ ಇರಬೇಕಿತ್ತು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಅವಳಿಗೂ ಈಗ ನಿಮ್ಮಂಥ ಮೊಮ್ಮಕ್ಕಳಿರಬಹುದು. ಮದುವೆಯ ದಿನ ಏನಾಯಿತೆಂದು ಅವಳು ಅವರಿಗೆ ಹೇಳಿರಬಹುದು. "ಮತ್ತೆ ಆ ಹುಡುಗಿ ಬದುಕಿದಳಾ?" ಎಂದು ಅವರು ಕೇಳಿದರೆ ಏನು ಹೇಳುತ್ತಾಳೋ. ಅವಳಿಗೆ ಇವತ್ತಿಗೂ ಗೊತ್ತಿಲ್ಲ.