ಡಬಲಣ್ಣನ ಇಬ್ಬರು ಅಮ್ಮಂದಿರು

ಇಲ್ಲ ಸ್ವಾಮಿ, ಇದಕ್ಕೆ ಉಪ್ಪು ಖಾರ ಏನೂ ಹಚ್ಚಿಲ್ಲ. ಸತ್ತುಹೋಗಿದ್ದಾಳೆಂದು ಕಂಪ್ಯೂಟರ್ ಸಾರಿದ ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಗಟ್ಟಿಮುಟ್ಟಾಗಿ ಕೂತಿದ್ದಳು. ಕೂತಿದ್ದಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ನರ್ಸಮ್ಮನ ತೋಳಿನ ಹೊಲಿಗೆಯನ್ನು ಬೆರಳಲ್ಲೇ ಸವರಿ ನೋಡಿ, "ಇದನ್ನ ಹೊಲಿದೋರು ಯಾರಮ್ಮ? ನನಗಿಂತ ಮೊದ್ಲು ಅವರ ಕಣ್ಣು ಆಪರೇಷನ್ ಮಾಡ್ಸಿ" ಎಂದು ಬೈಯುತ್ತಲೂ ಇದ್ದಳು. ನೀವು ಹಾಗೆ ತಲೆಯಾಡಿಸಬೇಡಿ. ಲಿಫ್ಟಿನ ವಿಷಯ ಹೇಳಿದಾಗಲೂ ಹೀಗೇ ತಲೆಯಾಡಿಸಿದ್ದಿರಿ. ಆ ಕಟ್ಟಡದ ಲಿಫ್ಟಿಗೆ ಮೂರನೇ ಮಹಡಿ ಎಂದು ಒತ್ತಿದರೆ, ಅದು ಎರಡರಲ್ಲಿ ನಿಂತು, ತುಸು ಯೋಚನೆ ಮಾಡಿ, ಮನಸ್ಸು ಬಂದರೆ ಮೂರಕ್ಕೆ ಹೋಗುತ್ತಿತ್ತು. ಒಮ್ಮೆ ಒಬ್ಬ ಡಾಕ್ಟರು ಅದರೊಳಗೇ ಬಡ್ತಿ ಪಡೆದು ಹೊರಗೆ ಬಂದರಂತೆ. ಹೋಗಲಿ, ಲಿಫ್ಟು ಅರ್ಧ ಸುಳ್ಳೇ ಇರಲಿ. ಹೆಂಗಸು ಮಾತ್ರ ಪೂರ್ತಿ ನಿಜ. ಅವಳು ನಮ್ಮ ಡಬಲಣ್ಣನ ದೊಡ್ಡಮ್ಮ.

ಡಬಲಣ್ಣ ಎನ್ನುವುದು ಮನೆಯವರು ಇಟ್ಟ ಹೆಸರಲ್ಲ. ಒಂದನೇ ಕ್ಲಾಸಿನಲ್ಲಿ ಟೀಚರು ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳಿದರೆ, ಈತ ಎದ್ದು ನಿಂತು "ಇಬ್ಬರು ಅಮ್ಮಂದಿರು" ಅಂದನಂತೆ. ಅಂದಿನಿಂದ ಹುಡುಗರ ಬಾಯಲ್ಲಿ ಡಬಲ್. ಮುಂದೆ ಆಫೀಸಿಗೆ ಸೇರಿ ತಲೆ ನೆರೆಯತೊಡಗಿದ ಮೇಲೆ ಕಿರಿಯರು ಮರ್ಯಾದೆಗೆಂದು ಹಿಂದೊಂದು ಅಣ್ಣ ಅಂಟಿಸಿದರು. ಇಬ್ಬರು ಅಮ್ಮಂದಿರೆಂದು ಅವನು ಹೇಳುವ ಹೊತ್ತಿಗೆ ಹೆತ್ತ ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಆದರೆ ಅವನ ಲೆಕ್ಕದಲ್ಲಿ ಅದೇನೂ ಕಡಿಮೆಯಾಗಿರಲಿಲ್ಲ.

ಅಕ್ಕ ತಂಗಿಯರು ಒಂದೇ ಕೋಣೆಯಲ್ಲಿ ಎದುರುಬದುರು ಎರಡು ಹೊಲಿಗೆ ಮೆಷಿನ್ ಇಟ್ಟುಕೊಂಡು ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದರು. ಮಗು ಎರಡು ಮೆಷಿನ್ನುಗಳ ನಡುವೆ, ಕತ್ತರಿಸಿ ಉಳಿದ ನೀಲಿ ಚೂರುಗಳ ರಾಶಿಯಲ್ಲಿ ಬೆಳೆಯಿತು. "ಅಮ್ಮಾ" ಎಂದರೆ ಎರಡೂ ಮೆಷಿನ್ ನಿಲ್ಲುತ್ತಿದ್ದವು. ಆಮೇಲೆ ಒಂದೇ ನಿಲ್ಲತೊಡಗಿತು, ಅಷ್ಟೆ. ನೆನಪಿನಲ್ಲಿ ಉಳಿದದ್ದಾದರೂ ಏನು? ಚಾಕ್‌ಪೀಸಿನ ಪುಡಿ ಮೆತ್ತಿದ ಒಂದು ಕೈ. ಮೆಷಿನ್ ಎಣ್ಣೆಯ ವಾಸನೆ. ಹಲ್ಲಲ್ಲಿ ದಾರ ಕಡಿಯುವ ಟಿಕ್ ಎನ್ನುವ ಸದ್ದು. ಆ ಕೈ ಯಾರದು, ಆ ಹಲ್ಲು ಯಾರದು ಎಂದು ಅವನು ಕೇಳಿಕೊಂಡವನಲ್ಲ. ದೊಡ್ಡಮ್ಮನೂ ತಂಗಿಯ ಸುದ್ದಿ ಎತ್ತಿದವಳಲ್ಲ. ಅವನು ಎಂದಾದರೂ ಕೇಳಿದರೆ, "ಒಳ್ಳೇಳು ಕಣೋ, ಊಟ ಮಾಡು" ಎಂದು ಮುಗಿಸಿಬಿಡುತ್ತಿದ್ದಳು.

ಈಗ ಆಫೀಸಿನ ಕಥೆಗೆ ಬರೋಣ. ಊರಿನ ದೊಡ್ಡ ಆಸ್ಪತ್ರೆಯವರು ತಮ್ಮ ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿ, ಯಾರು ಯಾರಿಗೆ ಏನಾಗಬೇಕು, ಯಾರ ಮನೆತನದಲ್ಲಿ ಯಾವ ಕಾಯಿಲೆ ಇದೆ ಎನ್ನುವುದನ್ನು ಅದೇ ತಿಳಿದು ಹೇಳುವಂತೆ ಮಾಡಬೇಕೆಂದು ಹೊರಟರು. ಅದಕ್ಕೆ ಮೂರನೇ ಮಹಡಿಯಲ್ಲಿ ಮೂರು ಕೋಣೆ. ಲೋಕದಲ್ಲಿ ಏನೇನಿದೆ, ಒಂದಕ್ಕೊಂದು ಏನಾಗಬೇಕು ಎಂದು ಮೆಷಿನ್‌ಗೆ ಬಿಡಿಸಿ ಹೇಳುವುದಕ್ಕೆ ಆಂಟಾಲಜಿ ಎನ್ನುತ್ತಾರೆ ಎಂದು ಮೂರೂ ಕೋಣೆಯವರು ಒಪ್ಪುತ್ತಿದ್ದರು. ಅಲ್ಲಿಗೆ ಒಪ್ಪಿಗೆ ಮುಗಿಯಿತು. ಆಮೇಲೆ ಬರೀ ಜಗಳ.

ಮೊದಲ ಕೋಣೆ ಡೇಟಾಬೇಸಿನವರದು. ಅವರ ಯಜಮಾನರು ದಪ್ಪ ಮೀಸೆಯ ಮನುಷ್ಯ. "ಆಂಟಾಲಜಿ ಅಂದ್ರೆ ಇನ್ನೇನ್ರೀ? ನಮ್ಮ ಟೇಬಲ್ಲಿಗೇ ಕೋಟು ತೊಡಿಸಿದ್ದು" ಎನ್ನುತ್ತಿದ್ದರು. ಅವರ ಟೇಬಲ್ಲಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡನೆಯದು ತರ್ಕದ ಕೋಣೆ. ಅಲ್ಲಿಯ ಮೇಡಂ ಸೂತ್ರಗಳನ್ನು ಬರೆದುಕೊಟ್ಟರೆ ಮೆಷಿನ್ ತಾನೇ ಯೋಚಿಸಿ ಹೊಸ ಸಂಗತಿ ಹೇಳಬೇಕು. ಮೆಷಿನ್‌ಗೆ ಹೇಳದೇ ಇದ್ದದ್ದು ಇಲ್ಲ ಅಂತಲ್ಲ, ಇನ್ನೂ ಗೊತ್ತಿಲ್ಲ ಅಷ್ಟೇ ಎನ್ನುವುದು ಅವರ ನಂಬಿಕೆ. ಮೂರನೆಯ ಕೋಣೆಗೆ ಲೈಬ್ರರಿಯಿಂದ ಬಂದ ಒಬ್ಬ ಮೃದು ಮಾತಿನ ಹಿರಿಯರು. ಅವರಿಗೆ ಆಂಟಾಲಜಿ ಎಂದರೆ ಪದಗಳ ಮರ. ದೊಡ್ಡ ಪದ ಮೇಲೆ, ಚಿಕ್ಕದು ಕೆಳಗೆ, ನೆಂಟಸ್ತಿಕೆಯವಕ್ಕೆ ಪಕ್ಕದಲ್ಲಿ "ಇದನ್ನೂ ನೋಡಿ".

ಕ್ಯಾಂಟೀನಿನಾಕೆ ಬಂದು ಎಷ್ಟು ಟೀ ಬೇಕು ಎಂದು ಕೇಳಿದರೆ ನಡೆಯುತ್ತಿದ್ದುದನ್ನು ಹೇಳಿದರೆ ನೀವು ಅದನ್ನೂ ನಂಬುವುದಿಲ್ಲ. ಮೀಸೆಯವರು "ಐದು, ಬರ್ದಿದೆ ನೋಡು" ಅನ್ನುವರು. ಮೇಡಂ "ಐದಕ್ಕೆ ಕಡಿಮೆ ಇಲ್ಲ, ಹೆಚ್ಚು ಇದ್ರೂ ಇರಬಹುದು" ಅನ್ನುವರು. ಲೈಬ್ರರಿಯವರು "ಮೊದ್ಲು ಬಿಸಿ ಪಾನೀಯ ಅಂತ ಒಂದು ಮಾಡ್ಕೊಳ್ಳೋಣ" ಎಂದು ಶುರು ಮಾಡುವ ಹೊತ್ತಿಗೆ ಟೀ ತಣ್ಣಗಾಗಿ, ಆ ಪದದ ಕೆಳಗೆ ಇಡಲು ಬಾರದಂತಾಗಿರುತ್ತಿತ್ತು. ಈ ಮೂವರ ನಡುವೆ ಓಡಾಡಿಕೊಂಡು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಅರ್ಥ ಮಾಡಿಸಿ, ಮೆಷಿನ್ ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡುವುದೇ ಡಬಲಣ್ಣನ ಕೆಲಸ. ಬೆಳಗ್ಗೆ ಇಸ್ತ್ರಿ ಮಾಡಿದ ಷರಟು ಸಂಜೆಗೆ ಮೂರೂ ಕಡೆಯವರು ಜಗ್ಗಿದಂತೆ ಮುದುರಿರುತ್ತಿತ್ತು. ಎಂಥ ಕಾಲ ಅದು! ಜಗಳಕ್ಕೂ ಒಂದು ರುಚಿ ಇತ್ತು.

ಆ ಹೊತ್ತಿಗೆ ದೊಡ್ಡಮ್ಮನ ಒಂದು ಕಣ್ಣು ಹೋಗಿತ್ತು. ಇನ್ನೊಂದರ ಪೊರೆ ಹಣ್ಣಾಗಿತ್ತು. ಸೂಜಿಗೆ ದಾರ ಪೋಣಿಸಲು ನೆರೆಯವರನ್ನು ಕರೆಯಬೇಕಾಗಿ ಬಂದ ದಿನ ಅವಳು ಊಟ ಬಿಟ್ಟು ಕೂತಳು. "ಬಟ್ಟೆ ಕಾಣದ ಟೈಲರ್ರು ಇದ್ದರೆಷ್ಟು, ಬಿಟ್ಟರೆಷ್ಟು?" ಎಂದಳು. ಡಬಲಣ್ಣ ಓಡಾಡಿ ಆಪರೇಷನ್ನಿಗೆ ದಿನ ಗೊತ್ತು ಮಾಡಿದ. ಮೂರನೇ ಮಹಡಿಯವರ ಹೊಸ ಮೆಷಿನ್ ಮೊದಲು ನಡೆಯತೊಡಗಿದ್ದೂ ಕಣ್ಣಿನ ವಾರ್ಡಿನಲ್ಲೇ. ಸರದಿ ಹಾಕುವುದು ಅದೇ, ಚೀಟಿ ಕೊಡುವುದೂ ಅದೇ. ಸರದಿ ತಪ್ಪಿದರೆ ಮತ್ತೆ ಬಾಲದಲ್ಲಿ ನಿಂತು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ಕಾಯುವ ಸ್ಥಿತಿಯಲ್ಲಿ ಆ ಕಣ್ಣು ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಆ ದಿನ ಅವಳನ್ನು ಬೆಂಚಿನ ಮೇಲೆ ಕೂರಿಸಿ ಕೌಂಟರಿಗೆ ಹೋದರೆ, ನರ್ಸಮ್ಮ ಪರದೆ ನೋಡಿ ಬೆಪ್ಪಾದಳು. "ಸಾರ್, ಇವರು ತೀರಿಕೊಂಡಿದಾರೆ. ಚೀಟಿ ಬರ್ತಿಲ್ಲ."

"ಯಾರು ತೀರಿಕೊಂಡಿದ್ದು?" ಎಂದು ದೊಡ್ಡಮ್ಮ ಕೂತಲ್ಲಿಂದಲೇ ಕೂಗಿದಳು.

"ನೀವೇ ಅಜ್ಜಿ."

"ಹೌದಾ? ಯಾವಾಗ? ನನಗೊಂದು ಮಾತು ಹೇಳಬಾರದಾ!"

ಡಬಲಣ್ಣ ಲಿಫ್ಟನ್ನು ನಂಬದೆ ಮೆಟ್ಟಿಲು ಹತ್ತಿ ಮೂರನೇ ಮಹಡಿಗೆ ಓಡಿದ. ತಪ್ಪು ಸಿಕ್ಕಿತು, ಅವನ ಕಾರ್ಡಿನಲ್ಲೇ. ನೌಕರರೆಲ್ಲ ಮನೆಯವರ ವಿವರ ತುಂಬಬೇಕೆಂದಾಗ, ತಾಯಿ ಎಂಬಲ್ಲಿ ಅವನು ಇಬ್ಬರನ್ನೂ ಬರೆದಿದ್ದ. ಹೆತ್ತಮ್ಮ ಇದೇ ಆಸ್ಪತ್ರೆಯಲ್ಲಿ ತೀರಿಕೊಂಡವಳು. ಅವಳ ಹಳೆಯ ಕಾಗದವೂ ಒಳಗೆ ಹೋಗಿತ್ತು. ತರ್ಕದ ಮೇಡಂ ಮೊದಲೇ ಮೆಷಿನ್‌ಗೆ ಹೇಳಿಟ್ಟಿದ್ದರು: ಒಬ್ಬ ಮನುಷ್ಯನಿಗೆ ತಾಯಿ ಒಬ್ಬಳೇ. ಮೆಷಿನ್ ತಲೆ ಕೆರೆದುಕೊಂಡಿತು. ತಾಯಿ ಒಬ್ಬಳೇ, ಆದರೆ ಇವನಿಗೆ ಇಬ್ಬರು. ಹಾಗಾದರೆ ಈ ಇಬ್ಬರೂ ಒಬ್ಬಳೇ ಇರಬೇಕು! ಒಬ್ಬಳು ಸತ್ತಿದ್ದಾಳೆ, ಅಲ್ಲಿಗೆ ಇನ್ನೊಬ್ಬಳೂ ಸತ್ತಂತೆ. ಹುಟ್ಟಿದ ದಿನವನ್ನಾದರೂ ಹೋಲಿಸಿ ನೋಡೋಣವೆಂದರೆ, ಆ ಕಾಲದಲ್ಲಿ ಅಕ್ಕನದಾಗಲಿ ತಂಗಿಯದಾಗಲಿ ಯಾರೂ ಬರೆದಿಟ್ಟಿರಲಿಲ್ಲ.

"ನಮ್ಮ ಟೇಬಲ್ ಆಗಿದ್ರೆ ಎರಡನೇದನ್ನ ಒಳಗೇ ಬಿಡ್ತಿರಲಿಲ್ಲ" ಎಂದು ಮೀಸೆಯವರು ಗೆದ್ದವರಂತೆ ಕುರ್ಚಿಗೆ ಒರಗಿದರು. "ದೊಡ್ಡಮ್ಮನ್ನ ತೆಗೆದು 'ಸಂಬಂಧಿಕರು' ಅನ್ನೋದ್ರಲ್ಲಿ ಹಾಕಪ್ಪ. ಎರಡು ನಿಮಿಷದ ಕೆಲಸ."

"ಅದೊಂದು ಆಗಲ್ಲ ಸಾರ್."

"ಯಾಕಾಗಲ್ಲ? ಕಣ್ಣು ಬೇಕೋ, ಕಾಲಂ ಬೇಕೋ?"

"ಕಣ್ಣೂ ಬೇಕು. ಆದ್ರೆ ನನ್ನ ಸಾಕಿದೋಳನ್ನ ನನ್ನ ಕೈಯಾರೆ ಸಂಬಂಧಿಕಳು ಅಂತ ಬರೆದು ಬದುಕ್ಸಿಕೊಳ್ಳಲ್ಲ."

ಲೈಬ್ರರಿಯವರು ಮೆಲ್ಲಗೆ, "ಅಮ್ಮ, ಇದನ್ನೂ ನೋಡಿ ದೊಡ್ಡಮ್ಮ ಅಂತ ಮಾಡಿದ್ರೆ?" ಎಂದರು. ವಾರ್ಡಿನ ಪರದೆ "ಇದನ್ನೂ ನೋಡಿ" ಎಂಬುದನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂದು ಅವರಿಗೇ ನೆನಪಾಗಿ ಮಾತು ಹಿಂದಕ್ಕೆ ತೆಗೆದುಕೊಂಡರು.

ಮೇಡಂ ಮಾತ್ರ ಮಿಸುಕಲಿಲ್ಲ. "ಮೆಷಿನ್‌ದು ತಪ್ಪಿಲ್ಲ. ಹೆಸರು ಎರಡಾದ ಮಾತ್ರಕ್ಕೆ ಮನುಷ್ಯರು ಇಬ್ಬರಾಗಲ್ಲ. ಅವರಿಬ್ಬರು ಬೇರೆ ಬೇರೆ ಅಂತ ಯಾರೂ ಅದಕ್ಕೆ ಹೇಳಿಲ್ಲ."

"ಹಾಗಾದ್ರೆ ಈಗ ಹೇಳ್ತೀನಿ ಮೇಡಂ."

"ಹೇಳಿದ್ರೆ ನನ್ನ ಸೂತ್ರಕ್ಕೆ ಪೆಟ್ಟು. ಇಡೀ ಮೆಷಿನ್ ಗೊಂದಲ ಅಂತ ಕೂತ್ಕೊಳುತ್ತೆ. ಒಬ್ಬರಿಗೆ ಒಬ್ಬಳೇ ತಾಯಿ, ಅದರಲ್ಲಿ ಅನುಮಾನ ಇದೆಯಾ?"

ಡಬಲಣ್ಣ ಜನ್ಮದಲ್ಲೇ ದನಿ ಎತ್ತಿದವನಲ್ಲ. ಅವತ್ತು ಎತ್ತಿದ. "ಕೆಳಗೆ ಬೆಂಚಿನ ಮೇಲೆ ಕೂತಿದಾಳಲ್ಲ, ಅದೇ ಅನುಮಾನ. ಹೋಗಿ ನೋಡ್ಬನ್ನಿ!"

ಮೂವರೂ ನಿಜವಾಗಿಯೂ ಹೋಗಿ ನೋಡಿದರು. ನಾಲ್ಕು ವರ್ಷದಲ್ಲಿ ಆ ಮೂವರು ಒಟ್ಟಿಗೆ ಮೆಟ್ಟಿಲಿಳಿದದ್ದು ಅದೇ ಮೊದಲು. ದೊಡ್ಡಮ್ಮ ಹೆಜ್ಜೆಯ ಸದ್ದು ಕೇಳಿ, "ಯಾರಪ್ಪಾ, ಹೆಣ ನೋಡೋಕೆ ಬಂದ್ರಾ?" ಎಂದಳು. ಮೀಸೆಯವರು ಕೆಮ್ಮಿದರು. ಮೇಡಂ ತಿರುಗಿ ಮೇಲಕ್ಕೆ ಹೋದರು. ಆಮೇಲೆ ಮೂರು ಕೋಣೆಯ ಕುರ್ಚಿಗಳೂ ಒಂದೇ ಕೋಣೆಗೆ ಬಂದವು. ತಾಯಿಗೆ ಇದ್ದ ಸೂತ್ರವನ್ನು ಮೇಡಂ ಬಿಡಿಸಿ ಎರಡು ಮಾಡಿದರು: ಹೆತ್ತವಳು ಒಬ್ಬಳೇ, ಸಾಕಿದವಳು ಎಷ್ಟು ಜನವಾದರೂ ಇರಲಿ. ಲೈಬ್ರರಿಯವರು ತಾಯಿ ಎಂಬ ಕೊಂಬೆಯಲ್ಲಿ ಇಬ್ಬರನ್ನೂ ಒಂದೇ ಎತ್ತರಕ್ಕೆ ಕೂರಿಸಿದರು. ಮೀಸೆಯವರು ಗೊಣಗುತ್ತಲೇ ಹೊಸ ಟೇಬಲ್ ಮಾಡಿಕೊಟ್ಟರು.

ಆದರೆ ಒಮ್ಮೆ ಒಬ್ಬಳೇ ಎಂದುಕೊಂಡದ್ದನ್ನು ಮೆಷಿನ್ ತಾನಾಗಿ ಬಿಡಿಸುವುದಿಲ್ಲ. ಅದಕ್ಕೆ ಇನ್ನು ಉಳಿದದ್ದು ಒಂದೇ ಸಾಲು. "ಈ ಇಬ್ಬರು ಬೇರೆ ಬೇರೆ." ಕಾರ್ಡು ಯಾರದೋ ಅವರೇ ಅದನ್ನು ಬರೆಯಬೇಕು. ಡಬಲಣ್ಣ ಕೀಲಿಮಣೆಯ ಮುಂದೆ ಕೂತ. ಬೆರಳು ಏಳಲಿಲ್ಲ.

ಯಾಕೆ ಎನ್ನುತ್ತೀರಾ? ಮೆಷಿನ್ ಹೇಳಿದ್ದು ಹುಚ್ಚು ಮಾತು ಎಂದು ನಿಮಗೂ ಅನಿಸಿತಲ್ಲ, ಅದು ಅವನ ಎದೆಯೊಳಗಿನ ಮಾತೇ ಆಗಿತ್ತು. ಚಾಕ್ ಮೆತ್ತಿದ ಆ ಕೈ, ಆ ಎಣ್ಣೆಯ ವಾಸನೆ, ಎಲ್ಲ ಸೇರಿ ಅವನಿಗೆ ಇದ್ದದ್ದು ಒಬ್ಬಳೇ ಅಮ್ಮ. ಬೇರೆ ಬೇರೆ ಎಂದು ಬರೆದುಬಿಟ್ಟರೆ, ಅದರಲ್ಲಿ ಹೆತ್ತವಳ ಪಾಲಿಗೆ ಏನು ಉಳಿಯುತ್ತದೆ? ಒಂದು ಮುಖ ಕೂಡ ಇಲ್ಲ. ಒಂದು ಹಳೆಯ ಕಾಗದ, ಅದರ ಮೇಲೆ ಒಂದು ಕಾಯಿಲೆಯ ಹೆಸರು.

ಅವನು ಕೆಳಗಿಳಿದು ದೊಡ್ಡಮ್ಮನ ಪಕ್ಕ ಕೂತ. ಆದದ್ದನ್ನೆಲ್ಲ ಹೇಳಿದ.

"ನನ್ನ ಕೈಲಿ ಬರೆಯೋಕಾಗ್ತಿಲ್ಲ ಅಮ್ಮ."

ಅವಳು ಅವನ ತೊಡೆಯ ಮೇಲೆ ಕೈಯಿಟ್ಟಳು. "ಬರಿಯೋ. ಅವಳ ಪಾಲು ಅವಳಿಗೆ ಕೊಡು. ಇಷ್ಟು ವರ್ಷ ಎರಡು ಪಾಲೂ ನಾನೊಬ್ಬಳೇ ತಿಂದ್ನಲ್ಲ."

"ಅಂದ್ರೆ?"

"ಅವಳ ಸುದ್ದಿ ಹೇಳಿದ್ರೆ ನೀನು ಅವಳನ್ನ ನೆನೆಸಿಕೊಂಡು ಅಳ್ತೀಯಾ ಅಂತ ಸುಮ್ಮನಿದ್ದೆ. ಅದು ಮೊದಮೊದಲು. ಆಮೇಲೆ, ಹೇಳಿದ್ರೆ ನಾನು ಬರೀ ದೊಡ್ಡಮ್ಮ ಆಗಿಬಿಡ್ತೀನೇನೋ ಅನ್ನೋ ಭಯ." ಸೆರಗಿನಿಂದ ಕಣ್ಣೊರಸಿಕೊಂಡಳು. "ಪೊರೆ ಬಂದ ಕಣ್ಣಲ್ಲೂ ನೀರು ಬರುತ್ತೆ ನೋಡು, ಹಾಳಾದ್ದು. ಹೋಗು, ಬರಿ. ಡಾಕ್ಟರು ಹೊರಟುಬಿಟ್ಟಾರು."

ಅವನು ಹೋಗಿ ಬರೆದ. ಮೆಷಿನ್ ಗುರುಗುಟ್ಟಿತು. ಕೆಳಗೆ ಚೀಟಿ ಹೊರಬಂತು. ನರ್ಸಮ್ಮ "ಅಜ್ಜಿ, ಬದುಕಿದ್ರಿ!" ಎಂದು ಕೂಗಿದ್ದು ಮೂರನೇ ಮಹಡಿಗೂ ಕೇಳಿಸಿತಂತೆ. ಕೇಳಿಸದಿದ್ದರೂ ಕೇಳಿಸಿತೆಂದೇ ಇಟ್ಟುಕೊಳ್ಳಿ. ಅಂದಿನ ಸರದಿಯಲ್ಲಿ ಕೊನೆಯವಳಾಗಿ ಆಪರೇಷನ್ ಆಯಿತು.

ಪಟ್ಟಿ ಬಿಚ್ಚಿದ ಬೆಳಿಗ್ಗೆ ದೊಡ್ಡಮ್ಮ ಮೊದಲು ನೋಡಿದ್ದು ಅವನ ಮುಖವನ್ನು. ತಿರುಗಿಸಿ ಮುರುಗಿಸಿ, ಅಳತೆ ತೆಗೆದುಕೊಳ್ಳುವವಳಂತೆ ನೋಡಿದಳು. "ನಗು" ಎಂದಳು. ಅವನು ನಕ್ಕ. "ಅದೇ. ಎಡಗಡೆ ವಾರೆ. ಅವಳೂ ಹಂಗೇ ನಗ್ತಿದ್ದಳು, ಬಾಯಿಗೆ ಒಂದು ಹೊಲಿಗೆ ಹೆಚ್ಚು ಬಿದ್ದವರ ಹಂಗೆ." ಅಲ್ಲಿಂದ ಶುರುವಾದದ್ದು, ಮನೆಗೆ ಬಂದ ಮೇಲೂ ನಿಲ್ಲಲಿಲ್ಲ. ತಂಗಿಗೆ ಕತ್ತರಿ ಕಂಡರೆ ಭಯವಂತೆ, ಬಟ್ಟೆ ಕತ್ತರಿಸುವುದೆಲ್ಲ ಅಕ್ಕನ ಪಾಲಿಗೇ. ಹಾಡು ಬರುತ್ತಿರಲಿಲ್ಲವಂತೆ, ಆದರೂ ಬಿಡುತ್ತಿರಲಿಲ್ಲವಂತೆ. ಹಲ್ಲಲ್ಲಿ ದಾರ ಕಡಿಯುತ್ತಿದ್ದವಳು ಅವಳೇ ಅಂತೆ. ತಲೆ ಅರ್ಧ ನೆರೆತ ಮೇಲೆ ಡಬಲಣ್ಣನಿಗೆ ಒಬ್ಬಳು ಅಮ್ಮ ಸಿಕ್ಕಳು, ದಿನಕ್ಕೆ ಒಂದೊಂದು ಕಥೆಯಷ್ಟು. ಅವನು ಆಫೀಸಿನಿಂದ ಬಂದ ಕೂಡಲೇ ಚಪ್ಪಲಿಯನ್ನೂ ಬಿಡದೆ, "ಇವತ್ತಿಂದು ಹೇಳು" ಎಂದು ಕೇಳುತ್ತಿದ್ದ. ದೊಡ್ಡಮ್ಮ ಸೂಜಿಗೆ ತಾನೇ ದಾರ ಪೋಣಿಸಿಕೊಂಡು ಹೇಳುತ್ತಿದ್ದಳು.

ಅದರಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಸೈಕಲ್ಲಿನದು. ಅಮ್ಮ ಸೈಕಲ್ ಕಲಿಯಲು ಹೋಗಿ, ಬ್ರೇಕು ಎಲ್ಲಿದೆಯೆಂದು ಗೊತ್ತಾಗದೆ, ತೆರೆದಿದ್ದ ಬಾಗಿಲಿನಿಂದ ನೇರ ಒಂದು ಬ್ಯಾಂಡಿನವರ ಕೋಣೆಗೆ ನುಗ್ಗಿ, ಆ ದೊಡ್ಡ ಡೋಲು ಇರುತ್ತದಲ್ಲ, ಅದರ ಒಳಗೆ ಸೈಕಲ್ ಸಮೇತ... ಮತ್ತೆ ತಲೆಯಾಡಿಸುತ್ತೀರಾ? ಇದಕ್ಕೆ ಸಾಕ್ಷಿ ಇದೆ, ಆ ಡೋಲು ಬಾರಿಸುವವನನ್ನೇ ಅವಳು ಆಮೇಲೆ...

"ರೀ, ಎಷ್ಟು ಸಲ ಕರೀಬೇಕು? ತಟ್ಟೆ ಹಾಕಿ ಆಯ್ತು, ಏಳ್ತೀರೋ ಇಲ್ವೋ!"

ಬಂದೆ ಮಾರಾಯ್ತಿ, ಬಂದೆ.