ನನ್ನ ಗುಣ ನಾನೇ ಕೂಗಿ ಹೇಳಿದ್ದು

ಅಮೆರಿಕದವರು ತಮ್ಮ ಜನಕ್ಕೆಂದು ಮಾಡಿಕೊಂಡ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದವನು ನಾನೇ. ಹಾಗಾಗಿ ಬನಹಟ್ಟಿಯ ನೇಕಾರರ ಓಣಿಗೆ ಅದನ್ನು ಹಿಡಿದು ಹೋದಾಗ ನನಗೆ ಸ್ವಲ್ಪ ಜಂಬವಿತ್ತು. ಮನುಷ್ಯನಿಗೆ ತನ್ನ ಬಗ್ಗೆ ಎಷ್ಟು ಅಭಿಮಾನವಿದೆ ಎಂದು ಅಳೆಯುವ ಹಾಳೆ ಅದು. ಅಂಕ ಕಡಿಮೆ ಬಂದವರನ್ನು ಆಪ್ತಸಮಾಲೋಚನೆಗೆ ಕಳಿಸಬೇಕು. ಪ್ರಶ್ನೆಗಳನ್ನು ಗುಟ್ಟಾಗಿ, ಮೆಲ್ಲಗೆ ಕೇಳಬೇಕೆಂಬ ನಿಯಮ ಬೇರೆ.

ನಾಲ್ಕು ಪವರ್‌ಲೂಮ್ ಒಟ್ಟಿಗೆ ಬಡಿಯುವ ಮನೆಯಲ್ಲಿ ಮೆಲ್ಲಗೆ ಏನು ಕೇಳುವುದು? ನೂಲು ಸುತ್ತುತ್ತಿದ್ದ ಶಾಂತವ್ವನವರ ಕಿವಿಯ ಹತ್ತಿರ ಕೂಗಿದೆ: "ನಿಮ್ಮೊಳಗ ಒಳ್ಳೆ ಗುಣ ಅದಾವೇನ್ರೀ?"

"ಅದನ್ನ ನಾ ಹೆಂಗ ಹೇಳಲಿ? ಬಾಜೂ ಮನಿಯವ್ರನ್ನ ಕೇಳ್ರಿ."

"ನೀವ ಹೇಳಬೇಕ್ರೀ."

"ಹಂಗಾರ ಇಲ್ಲಂತ ಬರ್ಕೊಳ್ರಿ."

ಸೊನ್ನೆ ಬರೆದೆ. ಮುಂದಿನ ಪ್ರಶ್ನೆಗಳಿಗೂ ಅದೇ ಉತ್ತರ, ಅದೇ ಸೊನ್ನೆ. ಮದುವೆ ಮಾತುಕತೆಯಿರಲಿ, ಅಣ್ಣತಮ್ಮಂದಿರ ಜಗಳವಿರಲಿ, ಓಣಿಯವರು ಮೊದಲು ಕರೆಯುವುದು ಇವರನ್ನೇ. ಅದನ್ನು ಬರೆಯಲು ನನ್ನ ಹಾಳೆಯಲ್ಲಿ ಜಾಗವಿರಲಿಲ್ಲ.

"ನಿಮ್ಮೊಳಗ ಅದಾವೇನ್ರಿ ಮತ್ತ?" ಎಂದು ಅವರೇ ತಿರುಗಿ ಕೇಳಿದರು.

ಹೇಗೆ ಉತ್ತರಿಸಬೇಕೆಂದು ತೋರಿಸಿಕೊಡೋಣ ಎಂದು ಎದೆಯುಬ್ಬಿಸಿ ಕೂಗಿದೆ: "ನನ್ನೊಳಗ ಭಾಳ ಒಳ್ಳೆ ಗುಣ ಅದಾವ್ರೀ!"

ಬಾಯಿ ತೆರೆದ ಹೊತ್ತಿಗೇ ಕರೆಂಟು ಹೋಗಿ ಮಗ್ಗಗಳೆಲ್ಲ ನಿಂತುಬಿಟ್ಟಿದ್ದವು. ನನ್ನ ಗುಣಗಾನ ಓಣಿಯ ತುದಿಯವರೆಗೂ ಕೇಳಿಸಿತು. ಬಾಗಿಲುಗಳಲ್ಲಿ ಮುಖಗಳು ಮೂಡಿದವು. ಶಾಂತವ್ವನವರು ಮರುಕದಿಂದ ನನ್ನನ್ನು ನೋಡಿದರು.

"ಪಾಪ, ನಿಮ್ಮ ಬಗ್ಗೆ ಹೇಳಾಕ ಯಾರೂ ಇಲ್ಲೇನ್ರೀ?"

ಸಮಾಲೋಚನೆಗೆ ಯಾರನ್ನು ಕಳಿಸಬೇಕು ಎಂಬುದರಲ್ಲಿ ಆ ಓಣಿಗೆ ಅನುಮಾನವೇ ಉಳಿಯಲಿಲ್ಲ.