ಲೆಂಪಿ ಟೀಚರ್ ಮನೆಯ ಗೋಡೆ

ಉರ್ಹೋ ಕಂಗಾಸ್ ತೀರಿಕೊಂಡು ನಾಲ್ಕು ವರ್ಷವಾಯಿತು. ಇಪ್ಪತ್ತಾರು ವರ್ಷ ಅವನ ಜೊತೆ ಬಡಗಿ ಕೆಲಸ ಮಾಡಿದವನು ನಾನು. ಅವನಂಥ ಕೈ, ಅವನಂಥ ಹಟ ಅಮೆರಿಕದ ನಮ್ಮ ಸುಪೀರಿಯರ್ ಸರೋವರದ ದಂಡೆಯಲ್ಲಿ ಮತ್ತೆ ಕಾಣಲಿಲ್ಲ.

ಮನೆ ಕಾಯಿಸುವ ಎಣ್ಣೆಯ ಬೆಲೆ ಏರಿದ ಆ ಚಳಿಗಾಲಗಳಲ್ಲಿ ಎಲ್ಲರಿಗೂ ಮನೆ ಬೆಚ್ಚಗಿಡುವ ಹುಚ್ಚು. ಉರ್ಹೋ ಹನ್ನೆರಡು ಮನೆಗಳ ಹೊರಗೋಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಮೇಲೆ ಹಲಗೆ ಹೊಡೆದ. ಮೊದಲನೆಯದು ಅವನಿಗೆ ಅಕ್ಷರ ಕಲಿಸಿದ ಲೆಂಪಿ ಟೀಚರ್ ಮನೆ. ನಾವು ಫಿನ್ಲೆಂಡ್ ಮೂಲದ ಜನ, ಮನೆಯೊಳಗೇ ಸೌನಾ. ವಾರಕ್ಕೆರಡು ಸಲ ಕಾದ ಕಲ್ಲಿಗೆ ನೀರು ಸುರಿದು ಹಬೆಯಲ್ಲಿ ಬೇಯುವವರು. ಆ ಹಬೆ ಎಲ್ಲಿಗೆ ಹೋಗುತ್ತದೆಂದು ನಾವಿಬ್ಬರೂ ಯೋಚಿಸಲಿಲ್ಲ.

ಹದಿನೈದು ವರ್ಷದ ಮೇಲೆ ಹೊರಹಲಗೆ, ಕಿಟಕಿ ಬದಲಿಸಲು ಟೀಚರ್ ಕರೆದರು. ಮೊದಲ ಹಲಗೆ ಕಿತ್ತಾಗಲೇ ಉರ್ಹೋ ಮುಖ ಬಿಳಿಚಿತು. ಪ್ಲಾಸ್ಟಿಕ್ಕಿನ ಒಳಮೈಯಲ್ಲಿ ನೀರು ಇಳಿಯುತ್ತಿತ್ತು. ಕಿಟಕಿಯ ಕೆಳಗಿನ ಮರ ಕಾಫಿಯಲ್ಲಿ ಅದ್ದಿದ ಬ್ರೆಡ್ಡಿನಂತೆ ಕೈಗೆ ಕಳಚಿ ಬಂತು.

"ಮರ ಹಳೇದಾಗಿತ್ತು ಅಂದ್ಬಿಡು," ಎಂದೆ ನಾನು. "ಎಂಬತ್ತು ವರ್ಷದ ಮುದುಕಿಗೆ ಏನ್ ಗೊತ್ತಾಗುತ್ತೆ?"

"ಮೊದಲು ನಿನ್ ಬಾಯಿಗೆ ಮೊಳೆ ಹೊಡೀಬೇಕು," ಎಂದು ಉರ್ಹೋ ಏಣಿಯಿಂದ ಇಳಿದ.

ಟೀಚರ್ ಮೆಟ್ಟಿಲ ಮೇಲೆ ಕೂತಿದ್ದರು. ಅವರೆದುರು ನಿಂತು ಹೇಳಿದ: "ಟೀಚರ್, ನಿಮ್ ಗೋಡೆ ಕೊಳೆಸಿದ್ದು ನಾನೇ. ಸೌನಾ ಹಬೆ ಹೊರಗೆ ಹೋಗೋಕೆ ದಾರಿನೇ ಬಿಡ್ಲಿಲ್ಲ."

"ಗೊತ್ತು ಕಣೋ. ಕಿಟಕಿ ಹತ್ರ ಮರ ಮೆತ್ತಗಾಗಿ ಆರು ವರ್ಷ ಆಯ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಬೇರೆಯವರನ್ನ ಕರೆದ್ರೆ ಊರೆಲ್ಲ ನಿನ್ ಹೆಸರು ಕೆಡಿಸೋರು. ನಿನ್ನನ್ನ ಕರೆದ್ರೆ ನೀನು ಮುಖ ಸಣ್ಣ ಮಾಡ್ಕೊಳ್ತಿದ್ದೆ. ಹಾಗೇ ಇದ್ಬಿಟ್ಟೆ. ಇನ್ನೊಂದು ಚಳಿಗಾಲ ತಡೆಯೋಕಾಗಲ್ಲ ಕಣೋ, ಅದಕ್ಕೇ ಕರೆದೆ."

ಉರ್ಹೋ ಅತ್ತುಬಿಟ್ಟ. ಮುದುಕಿ ಎಂದದ್ದಕ್ಕೆ ನನಗೆ ನಾಚಿಕೆಯಾಯಿತು.

ಆ ಬೇಸಿಗೆ ಪ್ಲಾಸ್ಟಿಕ್ಕೆಲ್ಲ ಕಿತ್ತೆಸೆದು, ಕೊಳೆತದ್ದನ್ನು ಕತ್ತರಿಸಿ ಹೊಸ ಮರ ಕೂರಿಸಿದೆವು. ಅದರ ಮೇಲೆ ಮಳೆ ತಡೆದು ಹಬೆಗೆ ದಾರಿ ಬಿಡುವ ಟಾರು ಕಾಗದ, ಆಮೇಲೆ ತೆಳು ಪಟ್ಟಿಗಳು, ಗಾಳಿಯಾಡಲು ಬೆರಳಗಲ ಸಂದು, ಕೊನೆಗೆ ಸೀಡರ್ ಹಲಗೆ. ಪ್ರತಿ ಹೊಸ ಕಿಟಕಿಯ ನೆತ್ತಿಗೂ ನೀರು ಜಾರಲು ಒಂದು ತಗಡು. ಟೀಚರ್ ದಿನಾ ಏಲಕ್ಕಿ ಬ್ರೆಡ್ ಬೇಯಿಸಿ ಕೊಟ್ಟರು, ಜೊತೆಗೆ ಮೊಳೆ ಸೊಟ್ಟಗಿದೆಯೆಂದು ಬೈದರು. ಅಂಥ ಬೇಸಿಗೆ ನನ್ನ ಪಾಲಿಗೆ ಮತ್ತೆ ಬರಲಿಲ್ಲ.

ಕೆಲಸ ಮುಗಿದ ಮರುದಿನ ಉರ್ಹೋ ನನ್ನನ್ನು ಗಾಡಿ ಹತ್ತಿಸಿಕೊಂಡು ಉಳಿದ ಹನ್ನೊಂದು ಮನೆಗಳಿಗೆ ಹೊರಟ. ಯಾರೂ ನಮ್ಮನ್ನು ಕರೆದಿರಲಿಲ್ಲ. ಮೊದಲ ಮನೆಯ ಬಾಗಿಲು ತೆರೆದವರಿಗೆ ನಮಸ್ಕಾರವನ್ನೂ ಹೇಳದೆ ಅಂದ: "ನಿಮ್ ಗೋಡೆ ಒಂದ್ಸಲ ಬಿಚ್ಚಿ ನೋಡ್ಬೇಕು. ತಪ್ಪು ನಂದು."